ಎರಡನೇ ಊಟ

ಹೆಂಡತಿಯ ಮೇಲೆ ಕೂಗಾಡಿ ಬಂದ ಬಾಯಿಗೆ ಊಟ ಹೇಗೆ ರುಚಿಸೀತು ಎಂದು ಲಿಫ್ಟಿನಲ್ಲಿ ನಿಂತು ಅಂದುಕೊಳ್ಳುತ್ತಿದ್ದಾಗಲೇ ಬಾಗಿಲು ತೆರೆದು, ಬೆಂದ ಬೇಳೆಯ ವಾಸನೆ ಒಳಗೆ ನುಗ್ಗಿ, ಅವನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್ರೆಂದಿತು. ಪಕ್ಕದಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ ಹೆಂಗಸು ತಿರುಗಿ ನೋಡಿ, ಮತ್ತೆ ಮುಖ ಆ ಕಡೆ ಮಾಡಿದಳು. ಈ ಹೊಟ್ಟೆಗೆ ನಾಚಿಕೆಯೆಂಬುದೇ ಇಲ್ಲ. ಮೇಲೆ, ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದವಳ ಹೊಟ್ಟೆಯ ಒಂದು ಭಾಗವನ್ನೇ ಡಾಕ್ಟರು ಕತ್ತರಿಸಿ ತೆಗೆದಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಹೊಲಿಗೆ ಕೂಡಿಕೊಂಡಿತ್ತು, ಜ್ವರ ಇರಲಿಲ್ಲ; ಇನ್ನು ಊಟ ಶುರು ಮಾಡುವುದೊಂದೇ ಬಾಕಿ ಎಂದಿದ್ದರು. ಆದರೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ಗಂಜಿ ಬಂದು ಗಂಜಿ ಹೋಗುತ್ತಿತ್ತು. ಸಂಜೆ ರೌಂಡ್ಸಿಗೆ ಬರುವುದರೊಳಗೆ ಬಾಯಿಂದ ಏನೂ ಹೋಗದಿದ್ದರೆ ಮೂಗಿನಿಂದ ಮತ್ತೆ ಪೈಪು ಇಳಿಸಲೇಬೇಕೆಂದು ಡಾಕ್ಟರು ಬೆಳಿಗ್ಗೆ ಹೇಳಿಹೋಗಿದ್ದರು. ಮೊದಲಸಲದ ಪೈಪನ್ನು ತೆಗೆದ ದಿನ ಅವಳು ಅವನ ಕೈ ಹಿಡಿದುಕೊಂಡು, "ಅದೊಂದು ಮಾತ್ರ ಇನ್ನು ಬೇಡ ಕಣ್ರೀ" ಎಂದಿದ್ದಳು. ಮದುವೆಯಾದ ಮೇಲೆ ಅವಳು ಅವನ ಹತ್ತಿರ ಬಾಯಿಬಿಟ್ಟು ಬೇಡ ಎಂದದ್ದು ಅದೊಂದನ್ನೇ ಇರಬೇಕು. ಅಷ್ಟು ಹೆದರಿಕೊಂಡವಳು ಮತ್ತೆ ಯಾಕೆ ತಿನ್ನುವುದಿಲ್ಲ ಎಂದು ಅವನಿಗೆ ಅರ್ಥವೇ ಆಗುತ್ತಿರಲಿಲ್ಲ.

ಅರ್ಥವಾಗದ್ದಕ್ಕೇ ಕೂಗಿದ್ದ. "ಒಂದು ಚಮಚ ಗಂಜಿ ನುಂಗೋಕೆ ಏನು ದಾಡಿ ನಿಂಗೆ? ನಿನ್ನ ಕಾಲು ಹಿಡ್ಕೋಬೇಕಾ ನಾವೆಲ್ಲ?" ಜೀವಮಾನವಿಡೀ ಬಸ್ಸು ಓಡಿಸಿದ ಗಂಟಲು, ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದದ್ದು. ವಾರ್ಡಿನ ಎಲ್ಲ ತಲೆಗಳೂ ದಿಂಬಿನಿಂದ ಎದ್ದವು. ಎದುರು ಮಂಚದ ಮುದುಕಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಮಗಳು ಶಾಲೆಯಲ್ಲಿ ಮೇಡಂ, ತಗ್ಗಿದ ದನಿಯಲ್ಲೇ ಮಕ್ಕಳನ್ನು ನಡುಗಿಸುವವಳು; ಅದೇ ದನಿಯಲ್ಲಿ ಹೇಳಿದಳು: "ಅಪ್ಪಾ, ಹಾರ್ನ್ ಹೊಡೆದ್ರೆ ಮುಂದೆ ಹೋಗೋಕೆ ಇದೇನು ಲಾರಿನಾ? ನೀನು ಹೀಗೆ ತಲೆ ಮೇಲೆ ನಿಂತ್ರೆ ಅಮ್ಮ ತಿಂದ ಹಾಗೇ. ಹೋಗು, ಊಟ ಮಾಡ್ಕೊಂಡು ಬಾ." ಗೋಡೆಯ ಕಡೆ ತಿರುಗಿ ಮಲಗಿದ್ದ ಹೆಂಡತಿ, ಈ ಕಡೆ ನೋಡದೆಯೇ, "ಹೂಂ, ಹೋಗಿ. ಹೊತ್ತಾಯ್ತು ನಿಮಗೆ" ಎಂದಿದ್ದಳು. ಬೈಸಿಕೊಂಡವಳು ಬೈದವನ ಹೊಟ್ಟೆಯ ಚಿಂತೆ ಮಾಡಿದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತ್ತು.

ಕ್ಯಾಂಟೀನು ಉದ್ದನೆಯ ಹಾಲು. ಹಗಲಲ್ಲೂ ಟ್ಯೂಬ್‌ಲೈಟು. ಒಂದು ಗೋಡೆಯುದ್ದಕ್ಕೂ ಸ್ಟೀಲಿನ ಕೌಂಟರು, ಅದರ ಮುಂದೆ ಟ್ರೇ ಹಿಡಿದ ಜನರ ಸಾಲು. ಇಷ್ಟು ದಿನ ಮಗಳು ಮನೆಯಿಂದ ಡಬ್ಬಿ ತರುತ್ತಿದ್ದುದರಿಂದ ಅವನು ಇಲ್ಲಿಗೆ ಬಂದದ್ದು ಇದೇ ಮೊದಲು. ಸಾಲನ್ನು ಅವನು ನೋಡಲಿಲ್ಲವೆಂದಲ್ಲ, ನೋಡಿದ. ಆದರೆ ಅವನ ಕಾಲುಗಳು ಸಾಲಿನ ಪಕ್ಕದಲ್ಲೇ ಹಾದು, ಅಡುಗೆಮನೆಯ ಬಾಗಿಲಿನ ಮಗ್ಗುಲಿಗೆ ಇಳಿಬಿಟ್ಟಿದ್ದ ಹಸಿರು ಪರದೆಯ ಕಡೆ ತಾವಾಗಿಯೇ ನಡೆದವು. ದಾರಿಯ ಮೇಲಿನ ಹೋಟೆಲುಗಳಲ್ಲಿ ಅಂಥ ಪರದೆಯೊಂದು ಇದ್ದೇ ಇರುತ್ತದೆ. ಬಸ್ಸು ನಿಂತಾಗ ಪ್ರಯಾಣಿಕರು ಮುಂದಿನ ಹಾಲಿಗೆ ನುಗ್ಗುತ್ತಾರೆ, ಆರಿದ್ದನ್ನು ಕೊಳ್ಳುತ್ತಾರೆ, ಚಿಲ್ಲರೆಗೆ ಜಗಳವಾಡುತ್ತಾರೆ. ಡ್ರೈವರು ಕಂಡಕ್ಟರು ಪಕ್ಕದ ಬಾಗಿಲಿಂದ ಪರದೆಯ ಹಿಂದೆ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ಅಲ್ಲಿ ಬಿಲ್ಲಿಲ್ಲ. ಒಲೆಯಿಂದ ಆಗತಾನೇ ಇಳಿಸಿದ್ದು ಮೊದಲು ಅಲ್ಲಿಗೇ ಬರುತ್ತದೆ. ಮಾಲೀಕನೇ ಬಂದು, ಸಾಕಾ, ಇನ್ನೊಂಚೂರು ಹಾಕಲಾ ಎಂದು ಕೇಳುತ್ತಾನೆ, ಯಾಕೆಂದರೆ ಒಂದು ಬಸ್ಸಿನ ತುಂಬ ಹೊಟ್ಟೆಗಳನ್ನು ಅವನ ಬಾಗಿಲಿಗೆ ತಂದು ನಿಲ್ಲಿಸಿದವನು ಡ್ರೈವರು. ರಸ್ತೆಯ ಮೇಲೆ ಎಲ್ಲರಿಂದಲೂ ಅನ್ನಿಸಿಕೊಳ್ಳುವ ಅವನು ಆ ಪರದೆಯ ಹಿಂದೆ ಮಾತ್ರ ದೊಡ್ಡಮನುಷ್ಯ. ಹಾಗಾಗಿ ಪರದೆ ಸರಿಸಿ, ಬೆಂಚು ಎಳೆದು ಕೂತು, ಮೇಜಿನ ಮೇಲೆ ಎರಡೂ ಮೊಣಕೈ ಊರಿ, "ಬಿಸಿ ಏನಿದೆ?" ಎಂದುಬಿಟ್ಟ.

ಒಳಗೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ನರ್ಸುಗಳು, ಆಯಾಗಳು, ಬಿಳಿ ಕೋಟಿನ ಒಬ್ಬ ಲ್ಯಾಬಿನವನು, ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಂಡತಿಯ ವಾರ್ಡಿನ ಕನ್ನಡಕದ ನರ್ಸೂ ಇದ್ದಳು. "ಏನು ಬೇಕಿತ್ತು ಅಂಕಲ್? ಇದು ಸ್ಟಾಫ್ ಊಟ ಮಾಡೋ ಜಾಗ" ಎಂದಳು, ಮೆತ್ತಗೇ. ಆಗಲೂ ಎದ್ದು ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನ ಬಾಯಿಂದ, "ನಾನು ಡ್ರೈವರು" ಎಂದು ಬಂತು. ಅದೊಂದು ಮಾತು ಹೇಳಿದರೆ ಲೋಕದ ಎಲ್ಲ ಪರದೆಗಳೂ ತೆರೆದುಕೊಳ್ಳುತ್ತವೆ ಎನ್ನುವ ಹಾಗೆ. ಲ್ಯಾಬಿನವನು ತುತ್ತು ನುಂಗಿ, "ಆಂಬುಲೆನ್ಸ್ ಡ್ರೈವರಾ? ಹೊಸಬರಾ?" ಎಂದ. "ಅಲ್ಲ. ಬಸ್ಸು." ಯಾರೋ ಕಿಸಕ್ಕೆಂದರು. ಒಬ್ಬ ಆಯಾ ನಗು ತಡೆಯಲಾರದೆ ಡಬ್ಬಿಯ ಮುಚ್ಚಳವನ್ನು ಮುಖಕ್ಕೆ ಅಡ್ಡ ಹಿಡಿದಳು. ಇಂಗು ತಿಂದ ಮಂಗನ ಹಾಗೆ ಎದ್ದು, ಬೆಂಚನ್ನು ಮತ್ತೆ ಮೊದಲಿದ್ದಲ್ಲಿಗೇ ಸರಿಸಿಟ್ಟು, ಅವನು ಹೊರಗೆ ಬಂದ. ಕಿವಿ ಬಿಸಿಯಾಗಿತ್ತು. ಮೇಲೆ ಅವಳ ಮೇಲೆ ಕೂಗಿದ್ದಕ್ಕೆ ಇದು ಸರಿಯಾದ ಶಾಸ್ತಿ ಎಂದುಕೊಂಡು, ಅಂದುಕೊಂಡದ್ದರಿಂದ ಸ್ವಲ್ಪ ಹಗುರವಾಗಿ, ಸಾಲಿನ ಕೊನೆಗೆ ಹೋಗಿ ನಿಂತ.

ಕೌಂಟರಿನ ಹೆಂಗಸು ದಪ್ಪ ತೋಳಿನವಳು, ಯಾರ ಮುಖವನ್ನೂ ನೋಡದೆ ಬಡಿಸುತ್ತಿದ್ದಳು. ಅನ್ನ, ಬೇಳೆ, ಬೇಯಿಸಿದ ಬೀಟ್ರೂಟು, ಒಂದು ತುಂಡು ಬ್ರೆಡ್ಡು. ಟ್ರೇ ಹಿಡಿದುಕೊಂಡು ನಡೆಯುವುದು ಅವನಿಗೆ ಹೊಸದು; ಬೇಳೆ ಅಲುಗಿ ಅಂಚಿಗೆ ಬಂದಾಗ ತೊಟ್ಟಿಲು ಹೊತ್ತವನಂತೆ ನಿಂತು ನಿಂತು ಮುಂದೆ ಹೋದ. ಜಾಗವಿದ್ದದ್ದು ಒಂದೇ ಮೇಜಿನಲ್ಲಿ. ಅಲ್ಲಿ ಅವನ ಹೆಂಡತಿಯ ವಯಸ್ಸಿನ ಹೆಂಗಸೊಬ್ಬಳು ಒಂದು ತಟ್ಟೆಯ ಮೇಲೆ ಇನ್ನೊಂದನ್ನು ಬೋರಲು ಹಾಕಿ ಮುಚ್ಚಿಟ್ಟುಕೊಂಡು ಕೂತಿದ್ದಳು. ಎದುರಿನ ಕುರ್ಚಿ ಎಳೆದದ್ದೇ, "ಅಲ್ಲಿ ನಮ್ಮನೆಯವ್ರು ಬರ್ತಾರೆ" ಎಂದಳು. ಅವನು ಪಕ್ಕದ ಕುರ್ಚಿಗೆ ಸರಿದು ಕೂತ. ಎಲ್ಲಿ ಕೂತರೂ ಅದು ಬೇರೆ ಯಾರದೋ ಜಾಗವಾಗಿರುವ ದಿನ ಇದು.

ಮೊದಲ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದುಕೊಂಡಿದ್ದ. ಸಿಕ್ಕಿಕೊಳ್ಳಲಿಲ್ಲ. ಬೇಳೆ ಹದವಾಗಿ ಬೆಂದಿತ್ತು, ಉಪ್ಪು ಸರಿಯಾಗಿತ್ತು, ಬೀಟ್ರೂಟು ಸಿಹಿಯಾಗಿತ್ತು. ರುಚಿ ಹತ್ತಿದ ನಾಲಿಗೆ ಯಾರ ಮಾತೂ ಕೇಳುವುದಿಲ್ಲ. ತಲೆ ಬಗ್ಗಿಸಿ, ಬಸ್ಸು ಹೊರಡುವ ಹೊತ್ತಾಯಿತೆಂಬ ಹಾಗೆ, ಒಂದರ ಹಿಂದೊಂದು ತುತ್ತು ಇಳಿಸಿದ. ಬೀಟ್ರೂಟಿನ ಹೋಳೊಂದು ಜಾರಿ ಶರ್ಟಿನ ಜೇಬಿನ ಮೇಲೆ ಬಿದ್ದು ಕೆಂಪಗೆ ಕಲೆ ಮಾಡಿತು. ಎದ್ದು ಹೋಗಿ ಇನ್ನಷ್ಟು ಅನ್ನ ಹಾಕಿಸಿಕೊಂಡು ಬಂದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅವನ ತಾಯಿ ಹೇಳುತ್ತಿದ್ದಳು. ಊಟವನ್ನಂತೂ ಅವನು ಬಲ್ಲ. ರೋಗ ಬಂದದ್ದು ಅವಳಿಗೆ. ಪಕ್ಕದ ಹೆಂಗಸು ಮುಚ್ಚಿದ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಅವನು ಇಷ್ಟು ತಿನ್ನುತ್ತಿರುವಾಗ ಯಾರೋ ಒಬ್ಬರು ತಿನ್ನದೆ ಪಕ್ಕದಲ್ಲಿ ಕೂತಿರುವುದು ಅವನಿಗೆ ಕಿರಿಕಿರಿಯಾಯಿತು.

"ಆರಿ ಹೋಗುತ್ತಲ್ಲಮ್ಮ, ತಿನ್ನಿ ನೀವು. ಬರೋರು ಬರ್ತಾರೆ."

"ಬರ್ಲಿ ಬಿಡಿ. ಒಬ್ಳೇ ಕೂತ್ಕೊಂಡು ತಿನ್ನೋದು ಅಂದ್ರೆ ಏನೋ ಒಂಥರಾ."

ಮುಚ್ಚಿದ ತಟ್ಟೆ. ಅವರ ಮನೆಯ ಮೇಜಿನ ಮೇಲೂ ಅದು ಇರುತ್ತಿತ್ತು, ಅವನು ಬಂದಾಗಲೆಲ್ಲ. ಮಧ್ಯಾಹ್ನ ಕಳೆದು ಬಸ್ಸನ್ನು ಡಿಪೋಗೆ ಬಿಟ್ಟು ಬಾಗಿಲು ತಳ್ಳಿದರೆ, ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಊಟ?" ಎನ್ನುತ್ತಿದ್ದಳು. "ಆಯ್ತು" ಎನ್ನುತ್ತಿದ್ದ. ಅದನ್ನು ಹೇಳುವುದರಲ್ಲಿ ಒಂದು ಹೆಮ್ಮೆಯೇ ಇತ್ತು: ನಿನಗೇನೂ ತೊಂದರೆ ಕೊಡಲಿಲ್ಲ ನೋಡು ಎಂಬ ಹೆಮ್ಮೆ. ಚಪ್ಪಲಿ ಬಿಡುತ್ತಾ ಏನೇನು ತಿಂದೆ ಎಂದೂ ಹೇಳುತ್ತಿದ್ದ. ಹೊಸ ಹೋಟೆಲಿನವನು ಎಂಥ ಅಡುಗೆ ಮಾಡಿಸುತ್ತಾನೆ, ಊಟ ಅಂದರೆ ಅದು, ಎಂದು. ಅವಳು ನಿಂತು ಕೇಳುತ್ತಿದ್ದಳು. ಒಮ್ಮೊಮ್ಮೆ ಅವನು ಬಾಯಿಬಿಡುವ ಮೊದಲೇ ಶರ್ಟು ನೋಡಿ, "ಇವತ್ತು ಟೊಮೆಟೊ ಸೂಪಾ?" ಎಂದು ನಗುತ್ತಿದ್ದಳು. ಆಮೇಲೆ ಅವನು ಹೋಗಿ ಮಲಗುತ್ತಿದ್ದ. ಮಲಗಿದಲ್ಲಿಗೆ ಸದ್ದು ಕೇಳುತ್ತಿತ್ತು: ಮೇಲಿನ ತಟ್ಟೆ ಎತ್ತಿದ್ದು, ಪಾತ್ರೆಗೆ ಏನೋ ಸುರಿದದ್ದು, ನಲ್ಲಿ ಬಿಟ್ಟದ್ದು. ಕುರ್ಚಿ ಎಳೆದ ಸದ್ದು? ಅವನು ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದ. ಕುರ್ಚಿ ಎಳೆದ ಸದ್ದು ಕೇಳಿದ ನೆನಪೇ ಇರಲಿಲ್ಲ. ಹಾಗಾದರೆ ಅವಳು ಎಲ್ಲಿ ಕೂತು ತಿನ್ನುತ್ತಿದ್ದಳು? ನಿಂತೇ ತಿನ್ನುತ್ತಿದ್ದಳೇ? ತಿನ್ನುತ್ತಿದ್ದಳೇ? ಅವಳು ಉಣ್ಣುವ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬಡಿಸುವ ಮುಖ ಬಂತು. ಅಂಗೈಗೆ ತೊಟ್ಟು ಹಾಕಿಕೊಂಡು ಉಪ್ಪು ನೋಡುವ ಮುಖ ಬಂತು. ಮಗಳಿಗೆ ತಿನ್ನಿಸುವಾಗ ತಾನೂ ಬಾಯಿ ಆ ಎಂದು ತೆರೆಯುವ ಮುಖ ಬಂತು. ಮದುವೆಯ ದಿನ ಪಕ್ಕದಲ್ಲೇ ಕೂತು ಉಂಡಿದ್ದಳಲ್ಲ ಎಂದು ಅಲ್ಲಿಯವರೆಗೂ ಹೋದ. ಆ ದಿನ ಅವನು ನೋಡುತ್ತಿದ್ದದ್ದು ತನ್ನ ತಟ್ಟೆಯನ್ನು. ಕನ್ನಡಿಯಲ್ಲಿ ಒಂದು ಸಲ ಕಣ್ಣಾಡಿಸಿದರೆ ಸಾಕು, ಹಿಂದೆ ಯಾರು ತೂಕಡಿಸುತ್ತಿದ್ದಾರೆ, ಯಾರಿಗೆ ವಾಂತಿ ಬರುವ ಹಾಗಿದೆ, ಯಾವ ಮಗುವಿಗೆ ಹಸಿವಾಗಿದೆ ಎಂದು ಹೇಳಬಲ್ಲವನು ಅವನು. ಕಟ್ಟಿಕೊಂಡ ಹೆಂಡತಿ ಯಾವ ದವಡೆಯಲ್ಲಿ ಅಗಿಯುತ್ತಾಳೆ ಎಂದು ಕೇಳಿದರೆ ಗೊತ್ತಿಲ್ಲ. ಅವನಿಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಆ ಹೆಂಗಸಿನ ಗಂಡ ಬಂದ. ಕುತ್ತಿಗೆಗೆ ಬೆಲ್ಟು ಕಟ್ಟಿಕೊಂಡಿದ್ದ ತೆಳ್ಳನೆಯ ಮನುಷ್ಯ. ಕೂರುತ್ತಲೇ, "ಏನೇ ಇದು, ಆರಿ ತಣ್ಣಗಾಗಿದೆ!" ಎಂದು ಗೊಣಗಿದ. "ಬೇಗ ಬರ್ಬೇಕಿತ್ತು" ಎಂದು ಅವಳು ನಕ್ಕು, ಮೇಲಿನ ತಟ್ಟೆ ಎತ್ತಿ, ಅರ್ಧ ಅವನಿಗೆ ಹಾಕಿ, ತನ್ನದಕ್ಕೆ ಕೈಹಾಕಿದಳು. ಅವಳು ತಿಂದ ರೀತಿಯನ್ನು ಪಕ್ಕದಲ್ಲಿದ್ದ ಇವನು ಕದ್ದು ನೋಡಿದ. ಗಬಗಬನೆ, ಮಾತಿಲ್ಲದೆ, ತುತ್ತು ನುಂಗುವ ಮೊದಲೇ ಇನ್ನೊಂದು ತುತ್ತು ಸಿದ್ಧವಾಗಿ. ಇಷ್ಟು ಹಸಿವು ಇಟ್ಟುಕೊಂಡು ಇಷ್ಟು ಹೊತ್ತು ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದಳು. ಗಂಡನಿಗೆ ಅದು ಕಾಣಿಸಲಿಲ್ಲ. ಅವನು ಬೇಳೆಯಲ್ಲಿ ಬೆರಳಾಡಿಸುತ್ತಾ ಡಾಕ್ಟರು ಹೇಳಿದ್ದನ್ನು ಹೇಳುತ್ತಿದ್ದ.

ಕನ್ನಡಕದ ನರ್ಸು ಊಟ ಮುಗಿಸಿ ಹೋಗುತ್ತಾ ಅವನ ಮೇಜಿನ ಹತ್ತಿರ ನಿಂತಳು. "ಬೇಜಾರು ಮಾಡ್ಕೋಬೇಡಿ ಅಂಕಲ್. ನಕ್ಕಿದ್ದು ತಪ್ಪಾಯ್ತು."

"ನಗೋ ಹಾಗೇ ಮಾಡಿದೆನಲ್ಲಮ್ಮ ನಾನು."

"ಆಂಟಿ ತಿಂತಾರೆ, ಯೋಚ್ನೆ ಮಾಡ್ಬೇಡಿ. ನಿಮ್ಮ ಮೇಲೆ ಎಷ್ಟು ಜೀವ ಗೊತ್ತಾ ಅವರಿಗೆ? ಗಂಜಿ ತಗೊಂಡು ಹೋದಾಗೆಲ್ಲ ಅದೇ ಕೇಳ್ತಾರೆ, ನಮ್ಮನೆಯವರ ಊಟ ಆಯ್ತಾ ಅಂತ. ಆಯ್ತು ಅಂದ್ರೆ, ಸರಿ, ಹಾಗಾದ್ರೆ ತಗೊಂಡು ಹೋಗಮ್ಮ ಅಂತ ಆ ಕಡೆ ತಿರುಗಿ ಮಲಗ್ತಾರೆ."

ಅವಳು ಸಮಾಧಾನಕ್ಕೆ ಹೇಳಿದ ಮಾತು ಅದು. ಅವನಿಗೆ ಮೇಲಿನ ತಟ್ಟೆ ಎತ್ತಿ ಪಾತ್ರೆಗೆ ಸುರಿದ ಸದ್ದು ಕೇಳಿಸಿತು. ಅವನ ಆಯ್ತು ಎಂಬ ಒಂದು ಮಾತಿಗೆ ಆ ಮನೆಯ ಊಟವೇ ಮುಗಿದುಹೋಗುತ್ತಿತ್ತು. ಅವಳ ಹಸಿವೂ ಮುಗಿಯಿತೆಂದು ಅವಳೇ ಅಂದುಕೊಂಡು ಅಂದುಕೊಂಡು, ಈಗ ಹಸಿವಿಗೇ ಅದು ಅಭ್ಯಾಸವಾಗಿಹೋಗಿರಬೇಕು. ಈ ಊಹೆ ಸರಿಯೋ ತಪ್ಪೋ ಅವನಿಗೆ ಗೊತ್ತಿರಲಿಲ್ಲ, ಡಾಕ್ಟರ ಹತ್ತಿರ ಹೇಳಿದರೆ ನಕ್ಕಾರು. ಆದರೂ ಎದ್ದು ನಿಂತ. "ಮೇಲೆ ವಾರ್ಡಲ್ಲಿ ನಾನೂ ಅವಳ ಜೊತೆ ಕೂತು ತಿನ್ಬಹುದಾ?"

"ಅಯ್ಯೋ, ಅಲ್ಲಿ ಬೇರೆಯವರು ತಿನ್ನೋ ಹಾಗಿಲ್ಲ. ಬೇಕಾದ್ರೆ ವೀಲ್‌ಚೇರಲ್ಲಿ ಇಲ್ಲಿಗೇ ಕರ್ಕೊಂಡು ಬನ್ನಿ. ಓಡಾಡಿಸಿ ಅಂತ ಡಾಕ್ಟ್ರೇ ಹೇಳಿದಾರಲ್ಲ." ಅವಳು ಅವನ ಖಾಲಿ ಟ್ರೇ ನೋಡಿದಳು. "ಆದ್ರೆ ನಿಮ್ದು ಊಟ ಆಯ್ತಲ್ಲ?"

"ಆಗಿಲ್ಲ" ಎಂದ ಅವನು, ಮೀಸೆ ಒರೆಸಿಕೊಳ್ಳುತ್ತಾ.

ವಾರ್ಡಿನಲ್ಲಿ ಮಗಳು ಗಂಜಿಯ ಬಟ್ಟಲು ಹಿಡಿದು ಸೋತು ಕೂತಿದ್ದಳು. ಅತ್ತಿದ್ದಳೆಂದು ಮೂಗು ಹೇಳುತ್ತಿತ್ತು. ಹೆಂಡತಿ ಅವನ ಹೆಜ್ಜೆಯ ಸದ್ದಿಗೇ ಈ ಕಡೆ ತಿರುಗಿದಳು. ಮುಖ ಸಣ್ಣದಾಗಿ, ಕಣ್ಣಷ್ಟೇ ದೊಡ್ಡದಾಗಿ ಉಳಿದಿತ್ತು. "ಊಟ ಆಯ್ತಾ?" ಎಂದಳು. ಆಯ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಇಳಿಜಾರಿನಲ್ಲಿ ಬ್ರೇಕು ಒತ್ತಿದಷ್ಟು ಬಲ ಹಾಕಿ ಅದನ್ನು ತಡೆದ.

"ಇಲ್ಲ."

"ಇಲ್ವಾ?" ಅವಳು ಮೊಣಕೈ ಊರಿ ಅರ್ಧ ಎದ್ದಳು. "ಯಾಕೆ? ಇಷ್ಟು ಹೊತ್ತು ಏನ್ಮಾಡ್ತಿದ್ರಿ?"

"ಜನ ಇದ್ರು. ಅದೂ ಅಲ್ದೆ ಒಬ್ನೇ ಕೂತು ತಿನ್ನೋಕೆ ಒಂಥರಾ ಆಯ್ತು. ಹೊಟ್ಟೆ ಬೇರೆ ಚುರುಗುಡ್ತಿದೆ. ಬಾ, ಕೆಳಗೆ ಹೋಗೋಣ."

ಮಗಳು ಅವನ ಜೇಬಿನ ಮೇಲಿನ ಕೆಂಪು ಕಲೆಯನ್ನು ನೋಡಿದಳು, ಅವನ ಮುಖ ನೋಡಿದಳು, ಬಾಯಿ ತೆರೆದಳು. ಅವನು ಕಣ್ಣು ಬಿಟ್ಟು ನೋಡಿದ ನೋಟಕ್ಕೆ ಮುಚ್ಚಿದಳು. ಶಾಲೆಯ ಮೇಡಮ್ಮನ್ನೂ ಒಂದೊಂದು ಸಲ ಗದರಬೇಕಾಗುತ್ತದೆ. "ನಾನು ಬಂದು ಏನ್ಮಾಡ್ಲಿ, ನಂಗೆ ಹಸಿವಿಲ್ಲ" ಎಂದು ಹೆಂಡತಿ ಅನ್ನುತ್ತಲೇ ಇದ್ದಳು, ಅನ್ನುತ್ತಲೇ ಕಾಲನ್ನು ಮಂಚದಿಂದ ಇಳಿಬಿಟ್ಟಳು. ಗಂಡನಿಗೆ ಊಟವಾಗಿಲ್ಲವೆಂದರೆ ಅವಳು ಮಲಗಿರುವುದಾದರೂ ಹೇಗೆ?

ವೀಲ್‌ಚೇರನ್ನು ಅವನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹೊಸ್ತಿಲು ಬಂದಲ್ಲಿ ಹಿಂದಕ್ಕೆ ವಾಲಿಸಿ ಮೆಲ್ಲಗೆ ದಾಟಿಸಿದ. ತಿರುವಿನಲ್ಲಿ ನಿಂತು ಆ ಕಡೆ ಈ ಕಡೆ ನೋಡಿದ. ಹೊಲಿಗೆಗೆ ಕುಲುಕಾಟ ತಾಗಬಾರದೆಂದು ಲಿಫ್ಟಿನ ಸಂದನ್ನು ಉಸಿರು ಹಿಡಿದು ದಾಟಿದ. "ನಿಮ್ಮ ಬಸ್ಸಲ್ಲಿ ನಾನು ಕೂತೇ ಇರ್ಲಿಲ್ಲ ಅಲ್ವಾ" ಎಂದಳು ಅವಳು, ಮುಂದೆ ನೋಡುತ್ತಾ. ದೂರಿನ ದನಿಯಲ್ಲ, ಈಗ ಹೊಳೆಯಿತು ಎಂಬ ದನಿ. ಅವನು, "ಕೈ ಒಳಗಿಟ್ಕೋ" ಎಂದ.

ಕ್ಯಾಂಟೀನು ಖಾಲಿಯಾಗಿತ್ತು. ಅವಳನ್ನು ಆ ಹೆಂಗಸು ಕೂತಿದ್ದ ಮೇಜಿಗೇ ತಂದು ನಿಲ್ಲಿಸಿ ಕೌಂಟರಿಗೆ ಹೋದ. ಇಷ್ಟು ಹೊತ್ತು ಯಾರ ಮುಖವನ್ನೂ ನೋಡದ ಕೌಂಟರಿನ ಹೆಂಗಸು ಈಗಲೇ ತಲೆ ಎತ್ತಿ, "ಏನು ಸ್ವಾಮಿ, ಮತ್ತೆ ಬಂದ್ರಿ? ಈಗ ತಾನೇ ಎರಡು ಸಲ—" ಎಂದು ಶುರು ಮಾಡಿದಳು. ಅವನು ಹಾಲೆಲ್ಲ ಮೊಳಗುವಂತೆ ಕೆಮ್ಮಿದ. ಅವಳು ಅವನ ಭುಜದಾಚೆ ವೀಲ್‌ಚೇರನ್ನು ನೋಡಿ, ಸುಮ್ಮನಾಗಿ, ಒಂದು ತಟ್ಟೆಗೆ ಅನ್ನ ಬೇಳೆ ಹಾಕಿ, ಬೀಟ್ರೂಟು ಮುಗಿದಿತ್ತೆಂದು ಅದರ ಜಾಗವನ್ನು ಖಾಲಿ ಬಿಟ್ಟು, ಒಂದು ಬಟ್ಟಲು ಬಿಸಿ ಗಂಜಿ ಇಟ್ಟಳು.

ಎದುರಿನ ಕುರ್ಚಿ ಎಳೆದು ಕೂತ. ಆ ಸದ್ದು ಅವನಿಗೇ ಜೋರಾಗಿ ಕೇಳಿಸಿತು. ತಟ್ಟೆ ನೋಡಿದರೆ ಹೊಟ್ಟೆಯೊಳಗಿನ ಮೊದಲ ಊಟ ಮೇಲೆದ್ದು ಬರುವ ಹಾಗಿತ್ತು. "ತಿನ್ನಿ, ಹಸಿದಿದ್ದೀರಿ" ಎಂದಳು ಅವಳು, ಮಡಿಲಲ್ಲಿ ಕೈಯಿಟ್ಟುಕೊಂಡು. ಒಂದು ತುತ್ತು ತೆಗೆದು ಬಾಯಿಗಿಟ್ಟ. ಅಗಿದ. ನುಂಗಿದ. "ನೀನೂ ಶುರು ಮಾಡು." "ನೀವು ತಿನ್ನಿ ಮೊದ್ಲು." "ನೀನು ತಿನ್ನೋವರೆಗೂ ನಾನು ತಿನ್ನಲ್ಲ" ಎಂದು ಕೈಯನ್ನು ತಟ್ಟೆಯ ಮೇಲೆ ಹಾಗೇ ನಿಲ್ಲಿಸಿದ. ಅವಳು ಆ ಕೈಯನ್ನು ನೋಡಿದಳು. ಬೆರಳಿಗಂಟಿದ ಅಗುಳು ಒಣಗುತ್ತಿತ್ತು. ಅವನು ಅಲುಗಲಿಲ್ಲ, ಕೂಗಲಿಲ್ಲ, ಸಂಜೆಯ ಮಾತು, ಪೈಪಿನ ಮಾತು ಯಾವುದನ್ನೂ ಎತ್ತಲಿಲ್ಲ. ಅವಳು ಚಮಚ ತೆಗೆದುಕೊಂಡಳು. ಗಂಜಿಯ ಮೇಲೆ ಊದಿದಳು. ಬಾಯಿಗಿಟ್ಟುಕೊಂಡಳು.

ಎಡದವಡೆಯಲ್ಲಿ. ಗಂಜಿಯನ್ನೂ ಅವಳು ಎಡಗಡೆಗೆ ತಂದು ಅಗಿದು ನುಂಗುತ್ತಿದ್ದಳು. ನುಂಗುವಾಗ ಕಣ್ಣು ಒಂದಿಷ್ಟು ಮುಚ್ಚಿಕೊಳ್ಳುತ್ತಿತ್ತು, ಹುಬ್ಬು ಮೇಲೇರುತ್ತಿತ್ತು. ಇನ್ನೊಂದು ಚಮಚ ಹೋಯಿತು. ಅವನು ಉಸಿರು ಬಿಟ್ಟು, ಮಾತಿನಂತೆ ತಾನೂ ಒಂದು ತುತ್ತು ತೆಗೆದು ಬಲವಂತವಾಗಿ ಇಳಿಸಿದ. ಹಣೆಯ ಮೇಲೆ ಬೆವರು ಬಂತು.

"ಬೀಟ್ರೂಟ್ ಚೆನ್ನಾಗಿತ್ತಾ?" ಎಂದಳು ಅವಳು.

"ಇದ್ರಲ್ಲಿ ಬೀಟ್ರೂಟ್ ಇಲ್ವಲ್ಲ."

"ಇದ್ರಲ್ಲಿ ಇಲ್ಲ." ಅವಳ ಕಣ್ಣು ಅವನ ಜೇಬಿನ ಮೇಲಿತ್ತು.

ಅವನ ಕೈ ಜೇಬನ್ನು ಮುಚ್ಚಲು ಹೋಗಿ ಅರ್ಧದಲ್ಲಿ ನಿಂತಿತು. ಮುಗಿಯಿತು, ಈಗ ಚಮಚ ಕೆಳಗಿಡುತ್ತಾಳೆ, ಸರಿ ಎನ್ನುತ್ತಾಳೆ, ಗೋಡೆಯ ಕಡೆ ತಿರುಗುತ್ತಾಳೆ ಎಂದುಕೊಂಡ. ತಪ್ಪು ಮಾಡಿದ ಮಗುವಿನ ಹಾಗೆ ಅವಳ ಕೈಯನ್ನೇ ನೋಡುತ್ತಾ ಕೂತ. ಅವಳು ಚಮಚವನ್ನು ಬಟ್ಟಲಿಗೆ ಇಳಿಸಿದಳು, ತುಂಬಿಕೊಂಡು ಮೇಲೆತ್ತಿದಳು, ಊದಿದಳು. ಇನ್ನೊಂದು ಕೈಯಿಂದ ಅವನ ತಟ್ಟೆಯನ್ನು ಹಿಡಿದು ತನ್ನ ಕಡೆಗೆ ಎಳೆದಿಟ್ಟುಕೊಂಡಳು.

"ಸಾಕು, ತಿನ್ಬೇಡಿ. ಹೊಟ್ಟೆ ಕೆಡುತ್ತೆ" ಎಂದಳು. "ಸುಮ್ನೆ ಕೂತಿರಿ. ನಂದು ಆಗೋವರೆಗೂ."

ಅವನು ಕೂತಿದ್ದ.